ಒಂಬತ್ತು ಪಾಯಿಂಟ್ ನಾಲ್ಕು

ಲುಸುಂಗು ಆ ಕಾಗದವನ್ನು ನಾಲ್ಕನೆಯ ಸಲ ಓದಿದಳು. ನಾಲ್ಕನೆಯ ಸಲವೂ ಅಂಕಿ ಬದಲಾಗಲಿಲ್ಲ. ಅವಳ ಹೆಸರು, ಅವಳ ಬ್ಯಾಡ್ಜಿನ ಸಂಖ್ಯೆ, ಮೇ ತಿಂಗಳಿಂದ ಜುಲೈವರೆಗಿನ ಅಳತೆ, ಅದರ ಎದುರಿಗೆ 9.4 ಮಿಲಿಸೀವರ್ಟ್. ಸರೋವರದ ದಂಡೆಯ ಈ ಆಸ್ಪತ್ರೆಯಲ್ಲಿ ಎಂಟು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದವಳಿಗೆ ಆ ಜಾಗದಲ್ಲಿ ಸೊನ್ನೆ ಪಾಯಿಂಟ್ ಒಂದೋ ಎರಡೋ ಬಿಟ್ಟರೆ ಬೇರೆ ಅಂಕಿ ಬಂದದ್ದೇ ಇಲ್ಲ. ಬೆಂಕಿಪೆಟ್ಟಿಗೆಯಷ್ಟಿರುವ ಆ ಬ್ಯಾಡ್ಜು ತಾನಿರುವ ಜಾಗಕ್ಕೆ ಎಷ್ಟು ಕಿರಣ ತಾಗಿತು ಎಂಬುದನ್ನು ಸದ್ದಿಲ್ಲದೆ ಕೂಡಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ರಾಜಧಾನಿಗೆ ಹೋಗಿ ಅಲ್ಲಿ ಬಾಯಿ ಬಿಡುತ್ತದೆ. ಈ ಸಲ ಅದು ಬಾಯಿ ಬಿಟ್ಟದ್ದು ಹೀಗೆ.

ಕಾಗದದ ಕೆಳಗೆ ಇನ್ನೊಂದು ಸಾಲಿತ್ತು. ಕಾರಣ ತಿಳಿಯಲು ತಪಾಸಣಾಧಿಕಾರಿ ಕಯಾಂಗೆ ಶುಕ್ರವಾರ ಹನ್ನೊಂದು ಗಂಟೆಗೆ ಬರುತ್ತಾರೆ. ಇವತ್ತೇ ಶುಕ್ರವಾರ, ಗಂಟೆ ಎಂಟೂವರೆ ದಾಟಿತ್ತು.

ಅಧಿಕಾರಿ ಬರುವುದಕ್ಕೆ ಅವಳು ಹೆದರಿರಲಿಲ್ಲ. ಅವಳು ಐದು ತಿಂಗಳ ಬಸುರಿ. ಹೆದರಿಕೆ ಅದಕ್ಕೆ.

ಎಕ್ಸ್‌ರೇ ಕೋಣೆಯಲ್ಲಿ ದುಡಿಯುವ ಹೆಣ್ಣು ಬಸುರಾದರೆ ಹೊಟ್ಟೆಯೊಳಗಿನ ಕೂಸಿಗೆ ಒಂದು ಮಿಲಿಸೀವರ್ಟ್ ದಾಟಬಾರದು ಎನ್ನುತ್ತದೆ ನಿಯಮ. ಒಂದು ಎಲ್ಲಿ, ಒಂಬತ್ತೂ ಚಿಲ್ಲರೆ ಎಲ್ಲಿ. ಆದರೆ ಆ ನಿಯಮ ಕೆಲಸಕ್ಕೆ ಬರಬೇಕಾದರೆ ಬಸುರಿ ಮೊದಲು ಬಾಯಿ ಬಿಟ್ಟು ಹೇಳಬೇಕು. ಲುಸುಂಗು ಹೇಳಿರಲಿಲ್ಲ. ಮೇ ತಿಂಗಳಲ್ಲಿ ಬ್ಯಾಡ್ಜಿನ ಜೊತೆ ಬಂದ ಫಾರ್ಮಿನಲ್ಲಿ 'ಬಸುರಿಯೇ?' ಎಂಬ ಪ್ರಶ್ನೆಯ ಎದುರಿಗೆ ಅವಳು ತನ್ನ ಕೈಯಾರೆ 'ಇಲ್ಲ' ಎಂದು ಗುರುತು ಹಾಕಿದ್ದಳು.

ಹಾಕದೆ ಏನು ಮಾಡುತ್ತಾಳೆ? ಮೊದಲನೆಯ ಸಲ ಬಸುರಾದಾಗ ಸಂತೋಷ ತಡೆಯಲಾರದೆ ಚರ್ಚಿನ ಹಾಡುಗಾರ್ತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮೂರನೆಯ ತಿಂಗಳಿಗೆ ಹೋಯಿತು. ಎರಡನೆಯ ಸಲ ಅತ್ತೆ ಒಬ್ಬಳಿಗೇ ಹೇಳಿದಳು. ಅದೂ ನಾಲ್ಕಕ್ಕೆ ಹೋಯಿತು. "ಬಾಯಿ ಮುಚ್ಕೊಂಡು ಇದ್ದಿದ್ರೆ ಉಳೀತಿತ್ತು" ಎಂದು ಗಂಡನ ಸೋದರತ್ತೆ ಮುಖದ ಮೇಲೇ ಅಂದುಬಿಟ್ಟಳು. ಇಲ್ಲಿ ಬಸುರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಕಣ್ಣಿಗೆ ಕಂಡರೂ ಕೇಳುವುದಿಲ್ಲ. ಕೂಸು ಅತ್ತ ಮೇಲೆಯೇ ಮಾತು. ಓದಿದವಳು, ಕಿರಣದ ಗುಣವೆಲ್ಲ ಬಲ್ಲವಳು, ಇದನ್ನೆಲ್ಲ ನಂಬುವುದೇ ಎಂದು ಕೇಳುವವರು ಎರಡು ಕೂಸು ಕಳೆದುಕೊಂಡು ಆಮೇಲೆ ಕೇಳಲಿ. ಈ ಸಲ ಅವಳು ಮನೆಯಲ್ಲಿ ಗಂಡನನ್ನು ಬಿಟ್ಟು ಯಾರಿಗೂ ಉಸಿರೆತ್ತಿರಲಿಲ್ಲ. ಬಿಳಿ ಕೋಟಿನ ಗುಂಡಿ ಹತ್ತದಾದಾಗ ಕೋಟು ಬಿಟ್ಟು, ಅಗಲದ ಹೂಬಟ್ಟೆ ಚಿತೆಂಜೆಯನ್ನು ಸಡಿಲವಾಗಿ ಸುತ್ತಿಕೊಂಡು ಬರತೊಡಗಿದಳು.

"ಮೇಡಂ, ಮಂಡಾಸಿ ಬಿಸಿಯಾಗಿದೆ, ತಿನ್ನು" ಎಂದು ಯೋತಾಮು ಕರಿದ ಹಿಟ್ಟಿನುಂಡೆಗಳ ಪೊಟ್ಟಣವನ್ನೂ ಚಹಾದ ಲೋಟವನ್ನೂ ಮೇಜಿನ ಮೇಲಿಟ್ಟ. "ಮುಖ ಯಾಕೆ ಹಾಗಿದೆ? ಸಾವಿನ ಮನೆಗೆ ಹೊರಟವಳ ಹಾಗೆ."

"ಹಸಿವಿಲ್ಲ ಅಜ್ಜ."

"ನಿಂಗಿಲ್ಲದಿದ್ರೆ ಏನಾಯ್ತು, ತಿನ್ನು" ಅಂದವನು ಒಂದು ಕ್ಷಣ ತಡೆದು, "ಆಗಸ್ಟಿನ ಚಳಿ ನೋಡು, ಹೊಟ್ಟೆ ಖಾಲಿ ಬಿಡಬಾರ್ದು" ಎಂದು ಸೇರಿಸಿದ.

ಯೋತಾಮು ಈ ಕೋಣೆಯ ಆಳು. ಇಪ್ಪತ್ತಾರು ವರ್ಷದಿಂದ ಗುಡಿಸುತ್ತಾನೆ, ಗಾಲಿಕುರ್ಚಿ ತಳ್ಳುತ್ತಾನೆ, ಹೆಸರು ಕೂಗುತ್ತಾನೆ, ಹೆದರಿದವರಿಗೆ ಧೈರ್ಯ ಹೇಳುತ್ತಾನೆ. ಡಿಸೆಂಬರಿಗೆ ನಿವೃತ್ತಿ. ಯಂತ್ರ ಸುಮ್ಮನಿರುವಾಗಲೂ ಕೋಣೆಗೆ ಕಾಲಿಡಲು ಅಂಜುವ ಹೆಂಗಸರಿಗೆ ಅವನು ಹೇಳುವ ಮಾತು ಒಂದೇ: "ದೀಪ ಆರಿಸಿದ ಮೇಲೆ ಬೆಳಕು ಗೋಡೆಗೆ ಅಂಟ್ಕೊಂಡು ಕೂತಿರುತ್ತಾ? ಇದೂ ಹಾಗೇ. ಮೇಡಂ ಬೆರಳು ಗುಂಡಿ ಮೇಲಿದ್ದಷ್ಟೇ ಹೊತ್ತು." ಲುಸುಂಗು ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದನ್ನು ಅವನು ಮೂರು ಮಾತಲ್ಲಿ ಮುಗಿಸುತ್ತಿದ್ದ. ತಪ್ಪಿರುತ್ತಿರಲಿಲ್ಲ.

ಆದರೆ ಆ ಬೆರಳು ಗುಂಡಿಯ ಮೇಲಿರುವಷ್ಟು ಹೊತ್ತು ನಡೆಯುವುದು ಚಿಲ್ಲರೆ ಸಂಗತಿಯಲ್ಲ. ಗಾಳಿಯಿಲ್ಲದ ಕೊಳವೆಯೊಳಗೆ ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹಾರಿ ಟಂಗ್‌ಸ್ಟನ್ ಬಿಲ್ಲೆಗೆ ಬಡಿಯುತ್ತವೆ. ಆ ಹೊಡೆತದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರೀ ಬಿಸಿಯಾಗಿ ಹೋಗುತ್ತದೆ, ಉಳಿದ ಒಂದು ಪಾಲು ಎಕ್ಸ್‌ರೇ. ಅದು ಒಬ್ಬನ ಮೈ ಹೊಕ್ಕು ಚಿತ್ರ ಬರೆಯುತ್ತದೆ ನಿಜ. ಆದರೆ ಎಲ್ಲವೂ ನೆಟ್ಟಗೆ ಹೋಗುವುದಿಲ್ಲ. ಕೆಲವು ಆ ಮೈಗೆ ತಾಗಿ ಚದುರಿ ಪಕ್ಕದಲ್ಲಿ ನಿಂತವರ ಮೇಲೂ ಬೀಳುತ್ತವೆ. ಅದಕ್ಕೇ ಸೀಸದ ಗೋಡೆ, ಸೀಸ ಬೆರೆಸಿದ ಗಾಜು, ಸೀಸದ ಏಪ್ರನ್. ದೂರ ನಿಂತಷ್ಟೂ ಒಳ್ಳೆಯದು. ಎರಡರಷ್ಟು ದೂರ ಹೋದರೆ ತಾಗುವುದು ನಾಲ್ಕರಲ್ಲೊಂದು ಪಾಲು.

ಲುಸುಂಗು ನಿನ್ನೆಯಿಂದ ಅಳೆಯುತ್ತಲೇ ಇದ್ದಳು. ಯಂತ್ರದಿಂದ ಗಾಜಿನ ಗೋಡೆಗೆ ಐದು ಹೆಜ್ಜೆ. ಗಾಜಿನ ಸಂದು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿದಳು. ಬಾಗಿಲೊಳಗಿನ ಸೀಸದ ತಗಡು ಕೆಳಗೆ ಜಾರಿದೆಯೇ ಎಂದು ತಟ್ಟಿ ನೋಡಿದಳು. ಬ್ಯಾಡ್ಜನ್ನು ಎಲ್ಲಿಟ್ಟಿದ್ದೆ ಎಂದು ನೆನೆಸಿಕೊಂಡಳು. ಕೋಟು ಬಿಟ್ಟ ಮೇಲೆ ಅದನ್ನು ಸಿಕ್ಕಿಸಲು ಜೇಬಿಲ್ಲವಾಗಿ, ತನ್ನ ಹಸಿರು ಏಪ್ರನ್ನಿನ ಎದೆಗೆ ಸಿಕ್ಕಿಸಿಬಿಟ್ಟಿದ್ದಳು. ಮೈಮೇಲೆ ಇರಬೇಕಾದದ್ದನ್ನು ಏಪ್ರನ್ನಿನ ಮೇಲೆ ಬಿಟ್ಟದ್ದು ತಪ್ಪೇ. ಆದರೆ ಏಪ್ರನ್ ನೇತುಹಾಕುವ ಗೂಟ ಗಾಜಿನ ಈಚೆಗಿತ್ತು, ಅವಳ ಬೆನ್ನ ಹಿಂದೆ. ಅಲ್ಲಿಗೆ ಕಿರಣ ಬಂದಿದೆ ಎಂದರೆ ಅವಳಿಗೂ ತಾಗಿಯೇ ಬಂದಿರಬೇಕು. ಲೆಕ್ಕ ಎಲ್ಲಿಂದ ಶುರುಮಾಡಿದರೂ ಕೊನೆಗೆ ಅವಳ ಹೊಟ್ಟೆಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅವಳು ಕಾಗದ ಮಡಿಸಿ, ಆಗಸ್ಟಿನ ಹೊಸ ಬ್ಯಾಡ್ಜನ್ನು ಅಭ್ಯಾಸಬಲದಿಂದ ಅದೇ ಏಪ್ರನ್ನಿಗೆ ಸಿಕ್ಕಿಸಿ, ಬಾಗಿಲು ತೆಗೆದಳು.

ಬೆಂಚು ಆಗಲೇ ತುಂಬಿತ್ತು. ಒಬ್ಬೊಬ್ಬ ಹೆಂಗಸನ್ನೂ ಫಾರ್ಮಿನ ಪ್ರಕಾರ ಕೇಳುತ್ತ ಹೋದಳು. "ಬಸುರಿಯಾ?" "ಇಲ್ಲ." "ಬಸುರಿಯಾ?" "ಅಯ್ಯೋ, ಇಲ್ಲ ಮೇಡಂ." ಸಾಲಿನ ಮುಂದೆ, ಅತ್ತೆ ನಾದಿನಿಯರ ಮುಂದೆ, ಗುರುತಿಲ್ಲದ ಗಂಡಸರ ಮುಂದೆ ಬೇರೆ ಯಾವ ಉತ್ತರ ಬಂದೀತು? ಈ ಜಿಲ್ಲೆಯಲ್ಲಿ ಅತಿ ಹೆಚ್ಚು ಸುಳ್ಳು ಹೇಳಿಸಿದ ಪ್ರಶ್ನೆ ಅದೊಂದೇ ಇರಬೇಕು. ಲುಸುಂಗು ಪ್ರತಿ 'ಇಲ್ಲ'ಕ್ಕೂ ಗುರುತು ಹಾಕಿದಳು. ಇವತ್ತು ಪೆನ್ನು ಯಾಕೋ ಭಾರವಾಗಿತ್ತು.

ಹತ್ತೂಮುಕ್ಕಾಲಿಗೆ ಮಕ್ಕಳ ವಾರ್ಡಿನಿಂದ ಒಂದು ಕೂಸು ಬಂತು. ಎರಡು ವರ್ಷದ ವನಂಗ್ವಾ. ಜೂನ್‌ ಬಂದು ಸರೋವರದ ಮೇಲಿನ ಚಳಿಗಾಳಿ ಬೀಸತೊಡಗಿದರೆ ಇಂಥ ಕೂಸುಗಳು ದಿನಕ್ಕೆ ಎಂಟೋ ಹತ್ತೋ ಬರುತ್ತವೆ. ಆದರೆ ಇದರ ಪಕ್ಕೆ ಪ್ರತಿ ಉಸಿರಿಗೂ ಒಳಗೆ ಸೇದಿಕೊಳ್ಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು, ಅಳುವುದಕ್ಕೂ ಅದಕ್ಕೆ ಶಕ್ತಿ ಸಾಲುತ್ತಿರಲಿಲ್ಲ. ಎದೆಯಲ್ಲಿ ನೀರು ನಿಂತಿದ್ದರೆ ಈಗಲೇ ಸೂಜಿ ಚುಚ್ಚಿ ತೆಗೆಯಬೇಕು, ಬೇಗ ಚಿತ್ರ ಕಳಿಸಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು.

"ನೀನು ತಾಯಿನಾ? ಹೆಸರು?"

"ರೋದಾ."

"ಬಸುರಿಯಾ?"

"ಇಲ್ಲ."

ಯೋತಾಮು ರೋದಾಳನ್ನು ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡಿದ. "ಕೂಸನ್ನ ನನ್ನ ಕೈಗೆ ಕೊಡು ಮಗಳೇ. ನನ್ನ ಹತ್ರ ಅಳಲ್ಲ ಅದು. ನೀನು ಬಾಗಿಲಾಚೆ ಕೂತ್ಕೋ."

"ನಾನೂ ಒಳಗೇ ಇರ್ತೀನಿ ತಾತ. ಬಿಟ್ಟು ಹೋಗಲ್ಲ" ಅಂದಳು ರೋದಾ.

"ಹಟಮಾರಿ. ಹಾಗಾದ್ರೆ ಆ ಮೂಲೇಲಿ ಗೋಡೆಗೆ ಆತು ನಿಲ್ಲು, ಇದನ್ನ ಹೊದ್ಕೋ" ಎಂದು ಅವನು ತನ್ನ ಹಳೆಯ ನೀಲಿ ಏಪ್ರನ್ನನ್ನು ಅವಳ ಮೈಗೆ ಸುತ್ತಿದ.

ಲುಸುಂಗು ಗಾಜಿನ ಹಿಂದೆ ಹೋಗಿ ಅಂಕಿಗಳನ್ನು ಹೊಂದಿಸಿದಳು. ಯೋತಾಮು ಅವಳ ಬೆನ್ನ ಹಿಂದೆ ಬಂದು ಏನೋ ಎತ್ತಿಕೊಂಡು ಹೋದದ್ದು ಕಿವಿಗೆ ಬಿತ್ತು, ಅಷ್ಟೇ. ದಿನವೂ ಬೀಳುವ ಸದ್ದು. ಅವನು ಕೂಸನ್ನು ಚಿತ್ರ ಹಿಡಿಯುವ ಹಲಗೆಯ ಮುಂದೆ ಕೂರಿಸಿ, ಎರಡೂ ಪುಟ್ಟ ತೋಳುಗಳನ್ನು ಕಿವಿಯ ಪಕ್ಕಕ್ಕೆ ಎತ್ತಿ ಹಿಡಿದು, ಬಾಯಲ್ಲಿ ಏನೋ ಗುನುಗುತ್ತಿದ್ದ. ಗುಂಡಿಗೆ ಎರಡು ಹಂತ. ಅರ್ಧ ಒತ್ತಿದರೆ ತಂತಿ ಕಾಯುತ್ತದೆ, ಬಿಲ್ಲೆ ಗಿರ್ರನೆ ತಿರುಗತೊಡಗುತ್ತದೆ. ಪೂರ್ತಿ ಒತ್ತಿದರೆ ಕಿರಣ. ಉಸಿರು ತುಂಬಿದ ಗಳಿಗೆಯಲ್ಲೇ ಒತ್ತಬೇಕು, ಇಲ್ಲದಿದ್ದರೆ ಚಿತ್ರ ಕೆಡುತ್ತದೆ. ಆದ್ದರಿಂದ ಎಂಟು ವರ್ಷದಿಂದಲೂ ಆ ಹೊತ್ತಿನಲ್ಲಿ ಅವಳ ಕಣ್ಣು ಮಕ್ಕಳ ಎದೆಯನ್ನು ಬಿಟ್ಟು ಅತ್ತಿತ್ತ ಹೋದದ್ದಿಲ್ಲ.

ಅವಳು ಅರ್ಧ ಒತ್ತಿದಳು. ಯಂತ್ರ ಗಿರ್ರೆಂದಿತು. ಕೂಸಿನ ಪಕ್ಕೆ ಒಳಗೆ ಹೋಯಿತು, ಹೊರಗೆ ಬಂತು. ಇವತ್ತು ಬ್ಯಾಡ್ಜು, ಬ್ಯಾಡ್ಜು ಎಂದು ತಲೆ ಕೆಟ್ಟುಹೋಗಿದ್ದಕ್ಕೋ ಏನೋ, ಕಣ್ಣು ಒಂದು ಗೇಣು ಪಕ್ಕಕ್ಕೆ ಜಾರಿತು. ಯೋತಾಮುವಿನ ಎದೆಯ ಮೇಲೆ, ಹಸಿರು ಏಪ್ರನ್ನಿನ ಮೇಲೆ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬಿಳಿಯ ಬ್ಯಾಡ್ಜು ಇತ್ತು. ಅದರ ಮೇಲೆ ಅವಳ ಹೆಸರಿತ್ತು.

ಲುಸುಂಗು ಗುಂಡಿ ಬಿಟ್ಟಳು. ಬಿಲ್ಲೆ ತಿರುಗುವ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು.

ಮೊದಲು ಬಂದದ್ದು ಸಂತೋಷ. ಅದನ್ನು ಮುಚ್ಚಿಡುವುದು ಬೇಡ. ನಂಗಲ್ಲ, ನನ್ನ ಕೂಸಿಗಲ್ಲ, ನಾನು ಗಾಜಿನ ಹಿಂದೆಯೇ ಇದ್ದೆ ಎಂದು ಅವಳ ಮೈಯ ಒಂದೊಂದು ರೋಮವೂ ಕೂಗಿತು. ಮೇಜಿನ ಅಂಚನ್ನು ಹಿಡಿದುಕೊಂಡಳು. ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅವಳಷ್ಟು ಸುಖಿ ಈ ದಂಡೆಯಲ್ಲಿ ಇನ್ನೊಬ್ಬಳಿರಲಿಲ್ಲ.

ಆಮೇಲೆ ಗಾಜಿನಾಚೆಗೆ ಮತ್ತೆ ನೋಡಿದಳು. ಬ್ಯಾಡ್ಜು ಸುಳ್ಳು ಹೇಳಿರಲಿಲ್ಲ. ಒಂಬತ್ತು ಪಾಯಿಂಟ್ ನಾಲ್ಕು ಒಬ್ಬ ಮನುಷ್ಯನ ಮೇಲೆ ಬಿದ್ದದ್ದು ನಿಜ. ಅವನು ಅಲ್ಲಿ ನಿಂತಿದ್ದ. ಏಪ್ರನ್ನಿನೊಳಗಿನ ಮೈಗೆ ಅದರ ಹತ್ತರಲ್ಲೊಂದು ಪಾಲು ತಾಗಿದ್ದರೆ ಹೆಚ್ಚು. ಆದರೆ ಮುಖಕ್ಕೆ ಏಪ್ರನ್ ಇಲ್ಲ. ಕಣ್ಣಿಗಿಲ್ಲ. ಕೂಸಿನ ತೋಳು ಹಿಡಿದ ಆ ಬರಿಗೈಗಂತೂ ಏನೇನೂ ಇಲ್ಲ. ಮೂರು ತಿಂಗಳಿಗೇ ಇಷ್ಟಾದರೆ ಇಪ್ಪತ್ತಾರು ವರ್ಷಕ್ಕೆ ಎಷ್ಟು ಎಂದು ಯಾರಿಗೂ ಗೊತ್ತಿಲ್ಲ, ಆಳುಗಳಿಗೆ ಯಾರೂ ಬ್ಯಾಡ್ಜು ಕೊಡುವುದಿಲ್ಲ. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು.

ಬಾಗಿಲು ದೂಡಿಕೊಂಡು ಒಳಗೆ ಬಂದಳು. "ಅಜ್ಜ, ನನ್ನ ಏಪ್ರನ್ ಯಾವಾಗಿಂದ ಹಾಕ್ತಿದ್ದೀಯ?"

"ಯಾಕೆ, ಕೊಳೆ ಆಯ್ತಾ? ನನ್ನದನ್ನ ಇಂಥ ಹಟಮಾರಿಗಳಿಗೆ ಹೊದಿಸಬೇಕಲ್ಲ. ಕೂಸಿಗೆ ಕಷ್ಟ ಆಗ್ತಿದೆ, ಬೇಗ ಒತ್ತು ಹೋಗು."

"ಯಾವಾಗಿಂದ ಅಂತ ಕೇಳಿದ್ದು. ಮೊದಲೆಲ್ಲ ನಾನೂ ಸರದಿ ಮೇಲೆ ಮಕ್ಕಳನ್ನ ಹಿಡೀತಿದ್ದೆ. ಆಗ ಕೆಲಸ ಕಲಿಯೋಕೆ ಬಂದ ವಿದ್ಯಾರ್ಥಿಗಳು ಗುಂಡಿ ಒತ್ತೋರು. ಈಚೆಗೆ ನನ್ನನ್ನ ಒಂದು ಸಲಾನೂ ಒಳಗೆ ಬಿಡ್ಲಿಲ್ಲ ನೀನು."

ಯೋತಾಮು ನೆಲ ನೋಡಿದ. ದನಿ ತಗ್ಗಿಸಿದ. "ಮೇ ತಿಂಗಳಲ್ಲಿ ನೀನು ಸಂತೆಯಿಂದ ಹುತ್ತದ ಮಣ್ಣಿನ ಉಂಡೆ ತಂದು ಮೇಜಿನ ಖಾನೇಲಿ ಬಚ್ಚಿಟ್ಕೊಂಡು ನೆಕ್ತಿದ್ದೆಯಲ್ಲ, ಅವತ್ತಿಂದ. ಮಣ್ಣು ತಿನ್ನೋ ಹೆಂಗಸಿಗೆ ಈ ಕೋಣೇಲಿ ಏನು ಕೆಲಸ? ನಂಗೆ ವಯಸ್ಸಾಯ್ತು. ನನ್ನ ಹೊಟ್ಟೇಲಿ ಏನು ಬೆಳೀಬೇಕಿದೆ?"

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಅದನ್ನೆಲ್ಲ ಬಾಯಿ ಬಿಟ್ಟು ಹೇಳ್ತಾರಾ? ನೀನು ಹೇಳಿದ್ಯಾ ನಂಗೆ?"

ಆ ಹೊತ್ತಿಗೇ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಕಪ್ಪು ಸೂಟು, ಕೈಯಲ್ಲಿ ಅಳತೆಯ ಉಪಕರಣದ ಪೆಟ್ಟಿಗೆ, ಅಂಗಿಯ ಗುಂಡಿಗಳ ತಾಳ್ಮೆ ಪರೀಕ್ಷಿಸುವಂಥ ದೊಡ್ಡ ಹೊಟ್ಟೆ. ತಪಾಸಣಾಧಿಕಾರಿ ಕಯಾಂಗೆ ಹತ್ತು ನಿಮಿಷ ಮೊದಲೇ ಬಂದಿದ್ದರು. ಅವರ ಬೆನ್ನಿಗೆ ಬೆಂಚಿನ ಹೆಂಗಸರೆಲ್ಲ ಕತ್ತು ಚಾಚಿದ್ದರು.

"ಲುಸುಂಗು ಅಂದ್ರೆ ನೀವೇನಾ? ಒಂಬತ್ತು ಪಾಯಿಂಟ್ ನಾಲ್ಕು. ಏನಮ್ಮ ಇದು?"

ಯೋತಾಮು ಅವಳ ಕಿವಿಯ ಹತ್ತಿರ ಬಾಗಿದ. "ಬ್ಯಾಡ್ಜು ಕೋಣೆ ಒಳಗೆ ಗೂಟದಲ್ಲಿ ಮರೆತುಹೋಗಿತ್ತು ಅನ್ನು. ಬರ್ಕೊಂಡು ಹೋಗ್ತಾರೆ. ಆಳು ಕೂಸು ಹಿಡಿಯೋದು ನಿಯಮದಲ್ಲಿಲ್ಲ. ಗೊತ್ತಾದ್ರೆ ಕೊನೇ ನಾಲ್ಕು ತಿಂಗಳು ನನ್ನನ್ನ ಬಟ್ಟೆ ಒಗೆಯೋ ಕಡೆಗೆ ತಳ್ತಾರೆ. ನಿನ್ನ ವಿಷಯಾನೂ ಬಾಯಿ ಬಿಡೋ ಹಾಗಿಲ್ಲ. ಎಲ್ರೂ ಕೇಳಿಸ್ಕೊಳ್ತಿದಾರೆ."

ಸುಲಭದ ದಾರಿ. ಒಂದೇ ಒಂದು ಸುಳ್ಳು, ಅಂಕಿಯ ಮೇಲೆ ಒಂದು ಗೀಟು, ಕಯಾಂಗೆ ಊಟದ ಹೊತ್ತಿಗೆ ಹೊರಟುಬಿಡುತ್ತಾರೆ. ಅವಳ ಗುಟ್ಟು ಅವಳಲ್ಲಿ, ಇವನ ಕೆಲಸ ಇವನಲ್ಲಿ. ನಾಳೆ ಬೆಳಿಗ್ಗೆ ಅದೇ ಬರಿಗೈ ಇನ್ನೊಂದು ಕೂಸಿನ ತೋಳು ಹಿಡಿದು ಕಿರಣದಲ್ಲಿ ನಿಲ್ಲುತ್ತದೆ. ಲುಸುಂಗು ಬೆಂಚಿನತ್ತ ನೋಡಿದಳು. ಗಂಡನ ಸೋದರತ್ತೆಯ ನೆರೆಮನೆಯವಳೂ ಅಲ್ಲಿ ಕೂತಿದ್ದಳು. ಸಂಜೆಯೊಳಗೆ ಊರಿಗೆಲ್ಲ ಮುಟ್ಟುತ್ತದೆ. ಎರಡು ಕೂಸು ಕಳೆದುಕೊಂಡ ಹೆದರಿಕೆ ನಾಲಿಗೆಯನ್ನು ಹಿಡಿದುಕೊಂಡಿತು. ಅವಳು ಆ ಹೆದರಿಕೆಯನ್ನು ಹಾಗೇ ಇಟ್ಟುಕೊಂಡು ಬಾಯಿ ತೆರೆದಳು.

"ಸಾರ್, ಬ್ಯಾಡ್ಜ್ ನಂದು. ಅಂಕಿ ಇವರದು. ನಾನು ಐದು ತಿಂಗಳ ಬಸುರಿ. ಮೇ ತಿಂಗಳಲ್ಲಿ ಇಲ್ಲ ಅಂತ ಬರೆದಿದ್ದೆ, ಸುಳ್ಳು. ನಾನು ಹೇಳದೆ ಇದ್ದದ್ದಕ್ಕೆ ನನ್ನ ಬದಲು ಇವರು ನಿಂತ್ರು. ಇಬ್ಬರ ಹೆಸರೂ ಬರ್ಕೊಳ್ಳಿ."

ಯೋತಾಮು ಕಣ್ಣು ಮುಚ್ಚಿಕೊಂಡ. ಕಯಾಂಗೆ ಪೆಟ್ಟಿಗೆಯನ್ನು ನಿಧಾನವಾಗಿ ಕೆಳಗಿಟ್ಟರು.

"ಬರ್ಕೊಳ್ತೀನಿ" ಅಂದರು. "ಇವರನ್ನ ಬೇರೆ ಕೆಲಸಕ್ಕೆ ಕಳಿಸೋ ಮಾತು ಆಮೇಲೆ. ಮೊದಲು ಇವರಿಗೊಂದು ಬ್ಯಾಡ್ಜ್ ಕೊಡ್ಬೇಕಿತ್ತು, ಕೊಟ್ಟಿಲ್ಲ, ಅದು ನಮ್ಮ ತಪ್ಪು. ಕಣ್ಣು ಕೈ ಡಾಕ್ಟರಿಗೆ ತೋರಿಸ್ಬೇಕು. ಇವತ್ತಿಂದ ಅವರು ಯಾರನ್ನೂ ಹಿಡಿಯೋ ಹಾಗಿಲ್ಲ. ನೀವಂತೂ ಇಲ್ಲವೇ ಇಲ್ಲ. ಈ ಕೂಸಿಗೆ ತಾಯಿ ಇದ್ದಾಳಲ್ಲ, ಹಿಡೀಲಿ."

ಎಲ್ಲರೂ ಮೂಲೆಗೆ ತಿರುಗಿದರು. ರೋದಾ ನೀಲಿ ಏಪ್ರನ್ನನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ವನಂಗ್ವಾನ ಉಸಿರು ಕಟಕಟ ಸದ್ದು ಮಾಡುತ್ತಿತ್ತು.

"ಮೇಡಂ" ಎಂದಳು ರೋದಾ, ಮೆಲ್ಲಗೆ. "ನಂದೂ ತಿದ್ದಿ ಬರ್ಕೊಳ್ಳಿ. ಮೂರು ತಿಂಗಳು."

ಬೆಂಚಿನಿಂದ ಇನ್ನೊಂದು ಹೆಣ್ಣುದನಿ ಬಂತು. "ನಂದೂ." ಯಾರದೆಂದು ತಿರುಗಿ ನೋಡುವಷ್ಟು ಹೊತ್ತಿರಲಿಲ್ಲ.

"ಸರಿ ಹೋಯ್ತು" ಎಂದ ಯೋತಾಮು. "ತಾಯಿ ಆಗಲ್ಲ, ಮೇಡಂ ಆಗಲ್ಲ, ನಾನಂತೂ ಆಗ್ಲೇಬಾರ್ದು. ಇನ್ನು ಉಳಿದವರು ಸಾಹೇಬ್ರು. ಆ ಹೊಟ್ಟೆ ನೋಡಿದ್ರೆ ಅವರನ್ನೂ ಒಂದು ಮಾತು ಕೇಳೋದು ಒಳ್ಳೇದು."

ಬೆಂಚು ಘೊಳ್ಳೆಂದು ನಕ್ಕಿತು. ಕಯಾಂಗೆ ನಗಲಿಲ್ಲ. ಸೂಟಿನ ಮೇಲಂಗಿ ಬಿಚ್ಚಿ ರೋದಾಳ ಕೈಗೆ ಕೊಟ್ಟು, ಯೋತಾಮುವಿನ ಮೈಮೇಲಿನ ಹಸಿರು ಏಪ್ರನ್ ತೆಗೆದು ತಾವು ಹಾಕಿಕೊಂಡರು. ಅದರ ಎದೆಯಿಂದ ಬ್ಯಾಡ್ಜು ಕಿತ್ತು ಲುಸುಂಗುವಿಗೆ ಕೊಟ್ಟರು. ಸೀಸದ ಕೈಗವಸು ಎಲ್ಲಿ ಎಂದು ಕೇಳಿ ಅದನ್ನೂ ತೊಟ್ಟರು. "ವರ್ಷಕ್ಕೊಂದು ಸಲ ನಾನು ಹಿಡಿದ್ರೆ ಏನೂ ಆಗಲ್ಲ. ದಿನಾ ಒಬ್ಬರೇ ಹಿಡಿಯೋದು ತಪ್ಪು. ತೋಳು ಹೇಗೆ ಹಿಡೀಬೇಕು ಅಜ್ಜ?"

"ಮೊಣಕೈ ಮೇಲೆ ಹಿಡಿ. ತಲೆ ಅಲುಗದ ಹಾಗೆ ನಿನ್ನ ಹೆಬ್ಬೆರಳು ಕಿವಿ ಪಕ್ಕ ಇರ್ಲಿ. ಹಾಡು ಗೊತ್ತಾ? ಇಲ್ವಾ? ಹಾಗಾದ್ರೆ ಸುಮ್ನಿರು, ನಾನು ಆಚೆಯಿಂದ ಹಾಡ್ತೀನಿ."

ಯೋತಾಮು ಹೊರಬಾಗಿಲು ಮುಚ್ಚಿ ರೋದಾಳನ್ನೂ ಕರೆದುಕೊಂಡು ಗಾಜಿನ ಈಚೆಗೆ ಬಂದ. ಲುಸುಂಗು ಬ್ಯಾಡ್ಜನ್ನು ಚಿತೆಂಜೆಯ ಅಂಚಿಗೆ, ಹೊಟ್ಟೆಯ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡಳು. ಅರ್ಧ ಒತ್ತಿದಳು. ಗಿರ್ರೆಂದಿತು. ಕೂಸಿನ ಎದೆ ತುಂಬಿತು. ಪೂರ್ತಿ ಒತ್ತಿದಳು.

ಪರದೆಯ ಮೇಲೆ ಬಲಗಡೆಯ ಪುಪ್ಪುಸ ಕೆಳಗಿನ ಭಾಗದಲ್ಲಿ ಬೆಳ್ಳಗಿತ್ತು. ನ್ಯುಮೋನಿಯಾ. ನೀರು ನಿಂತಿರಲಿಲ್ಲ, ಸೂಜಿ ಬೇಕಾಗಲಿಲ್ಲ. ರೋದಾ ಕೂಸನ್ನೆತ್ತಿಕೊಂಡು ಔಷಧಕ್ಕೆ ಓಡಿದಳು. ಅವಸರದಲ್ಲಿ ಅಧಿಕಾರಿಯ ಮೇಲಂಗಿಯನ್ನೂ ಒಯ್ದುಬಿಟ್ಟಳು.

ಬ್ಯಾಡ್ಜುಗಳ ಪುಸ್ತಕದಲ್ಲಿ ಲುಸುಂಗು ಹೊಸ ಪುಟ ತೆರೆದು ಯೋತಾಮು ಎಂದು ಬರೆದಳು. ಮುಂದೆ 9.4. ಅದರ ಹಿಂದಿನ ಇಪ್ಪತ್ತಾರು ವರ್ಷಕ್ಕೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ತಡೆಯಿತು. 'ಗೊತ್ತಿಲ್ಲ' ಎಂದು ಬರೆದಳು. ಬರೆಯುವಾಗ ಅಳು ಬಂತು, ತಡೆದುಕೊಳ್ಳಲಿಲ್ಲ.

ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿ ನೋಡಿಕೊಳ್ಳುತ್ತಿದ್ದ. "ಇನ್ನು ಇವಕ್ಕೇನು ಕೆಲಸ ಮಗಳೇ?"

"ಡಿಸೆಂಬರಲ್ಲಿ ಒಂದು ಕೂಸು ಬರುತ್ತೆ ಅಜ್ಜ. ಅದನ್ನ ಹಿಡಿಯೋದಕ್ಕೆ ಬ್ಯಾಡ್ಜ್ ಬೇಡ."

"ಶ್! ಮೆಲ್ಲಗೆ" ಎಂದು ಯೋತಾಮು ಗಾಬರಿಯಿಂದ ಬೆಂಚಿನತ್ತ ನೋಡಿದ. ಆಮೇಲೆ, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ನೆನಪಾಗಿ, ಬೆಳಿಗ್ಗೆಯಿಂದ ಹಾಗೇ ಬಿದ್ದಿದ್ದ ಮಂಡಾಸಿಯ ಪೊಟ್ಟಣವನ್ನು ಅವಳ ಕಡೆಗೆ ಸರಿಸಿದ.

"ತಣ್ಣಗಾಗಿದೆ. ಆದ್ರೂ ತಿನ್ನು. ಇಬ್ಬರೂ ತಿನ್ನಿ."

ಲುಸುಂಗು ಕಣ್ಣೊರೆಸಿಕೊಂಡು ತಿಂದಳು.